ಹೊರಸಿನ ಕೆಳಗಿನ ಸಪ್ಪಳ

ಅಲ್ಲಲೇ, ಇದೇನು ಮಳಿ, ಇದಕ್ಕ ಹೆದರಿ ಕಿಡಕಿ ಮುಚ್ಚತೀರೇನು, ತಗೀರಿ. ನಾಸಿಕ್ ರೋಡಿನ ಮಳಿ ಅಂದ್ರ ದ್ರಾಕ್ಷಿ ಉದುರಸ್ತದ, ಗಟಾರ ತುಂಬಸ್ತದ, ನಿಮ್ಮಪ್ಪನ ಗಾಡಿ ಬಂದ್ ಮಾಡ್ತದ, ಮುಗೀತು. ನಾ ಹೇಳ್ಲಿಕತ್ತಿದ್ದು ಬಿಡಕಿನ್ ಅನ್ನೋ ಊರಿನ ಮಳಿ. ಅದೂ ಹಿಂಗೇ ಬ್ಯಾಸಗ್ಯಾಗ, ಯುಗಾದಿ ಮುಗದ ಮ್ಯಾಲ, ಮರಾಠ್ಯಾಗ ಅವಕಾಳಿ ಅಂತಾರಲ್ಲ, ಹೊತ್ತಲ್ಲದ ಹೊತ್ತಿನ ಮಳಿ, ಅದು. ಹನಿ ಒಂದೊಂದು ಬದ್ನಿಕಾಯಿ ಗಾತ್ರ. ನಗಬ್ಯಾಡ್ರಿ. ನನ್ನ ತಲಿ ಮ್ಯಾಲ ಬಿದ್ದ ಹನಿ ಕೆಳಗ ಇಳೀಲಿಲ್ಲ, ತಲಿ ನೋಡಿ ಹೆದರಿ ವಾಪಸ್ ಹೋಯ್ತು. ಸಾಲಿ ಕಲ್ತಿಲ್ಲ ನಾ, ಸುಳ್ಳು ಕಲೀಲಿಕ್ಕೂ ಸಾಲಿ ಬೇಕು.

ಆಗ ಅಲ್ಲಿ ಹೊಸಾ ಕಾರ್ಖಾನಿ ಏಳ್ಲಿಕತ್ತಿತ್ತು. ನಾವೆಲ್ಲ ಕಲಬುರ್ಗಿ ಕಡೀಂದ ಹೋದ ಮಂದಿ, ಪತ್ರಾದ, ಅಂದ್ರ ತಗಡಿನ ಖೋಲಿ ಸಾಲಾಗಿ ಕಟ್ಟಿ ಕೊಟ್ಟಿದ್ರು, ಗ್ವಾಡಿನೂ ಪತ್ರಾ, ಮ್ಯಾಲೂ ಪತ್ರಾ, ಕೆಳಗ ಮುರುಮಿನ, ಅಂದ್ರ ಗರಸಿನ ನೆಲ, ಅದರ ಮ್ಯಾಲ ನಿಮ್ಮಜ್ಜಿ ಸಗಣಿ ಸಾರಿಸಿ ಕನ್ನಡಿ ಮಾಡಿ ಇಟ್ಟಿದ್ಳು. ಖೋಲಿಯೊಳಗ ನಾನು, ನಿಮ್ಮಜ್ಜಿ, ನನ್ನ ಮಗ ಅಂದ್ರ ನಿಮ್ಮ ಮಾವ, ಅವನ ಹೆಂಡ್ತಿ ನಿಮ್ಮ ನೀಲತ್ತಿ. ನೀಲತ್ತಿ ಬಾಣಂತಿ. ತವರಿಗಿ ಕಳಸಬೇಕು ಅನ್ನೋದ್ರಾಗ ಅವಸರಾಗಿ ಅಲ್ಲೇ ಹಡದಿದ್ಳು, ಕೂಸಿಗಿ ಇನ್ನೂ ಹೆಸರು ಇಟ್ಟಿರಲಿಲ್ಲ. ಮುಷ್ಟಿಯೊಳಗ ಮುಚ್ಚಬೇಕು ಅಷ್ಟ ಇತ್ತು ಕೂಸು. ಬಾಣಂತಿ ಅಂದ್ರ ನಮ್ಮಲ್ಲಿ ಹೆಂಗ ಗೊತ್ತದಲ್ಲ, ಹೊರಸಿನ ಮ್ಯಾಲ ಮಲಗಿಸೋದು, ಕೆಳಗ ಅಗ್ಗಿಷ್ಟಿಗಿ ಇಟ್ಟು ಕೆಂಡದ ಕಾವು ಕೊಡೋದು, ಕಿವಿಗಿ ಅರಬಿ ಕಟ್ಟೋದು, ಹೊಸ್ತಿಲ ದಾಟಿಸಬಾರದು. ನಿಮ್ಮಜ್ಜಿ ಅದರಾಗ ಪೊಲೀಸಿನವರಿಗಿಂತ ಕಡಕ್.

ಮಳಿ ಹತ್ತಿದ್ದು ಬಿಡಲೇ ಇಲ್ಲ. ನೀರು ಬಂತು. ನೀರು ಅಂದ್ರ ಸಪ್ಪಳ ಮಾಡ್ತದ ಹೌದಿಲ್ಲ? ಇದು ಮಾಡಲಿಲ್ಲ. ಹರೀಲೂ ಇಲ್ಲ. ಖೋಲಿ ಖೋಲಿ ನಡಕ ಸುಮ್ಮನ ಮ್ಯಾಲ ಮ್ಯಾಲ ಏರಿತು, ಯಾರೋ ಕೆಳಗಿಂದ ಎತ್ತಿ ಹಿಡದ್ಹಂಗ. ಖೋಲಿಗಳು ಒಂದು ಮೊಳ ಎತ್ತರದಾಗ ಇದ್ದವು, ಒಳಗ ಒಣಗೇ ಇತ್ತು. ನಾಯಿಗಳೆಲ್ಲ ಹಿಂದಿನ ಮುರುಮಿನ ದಿಬ್ಬದ ಮ್ಯಾಲ ಹೋಗಿ ಕುಂತವು. ಬೊಗಳಲಿಲ್ಲ. ನಮ್ಮ ಖೋಲಿ ಕಡೀನೇ ನೋಡಕೋತ ಕುಂತವು. ನಾ ಒಮ್ಮೆ ಕಲ್ಲು ಒಗದೆ, ಒಂದೂ ಏಳಲಿಲ್ಲ.

ಮೊದಲ ಹೇಳಿದಾಕಿ ನೀಲತ್ತಿ. ಹೊರಸಿನ ಕೆಳಗ ಯಾರೋ ಉಸರ ಬಿಡ್ತಾರ್ರಿ ಅಂದ್ಳು. ನಿಮ್ಮಜ್ಜಿ ನನ್ನ ಮಾರಿ ನೋಡಿದ್ಳು, ನಾ ಆಕಿ ಮಾರಿ ನೋಡಿದೆ. ಬಾಣಂತಿ ಹಿಂಗ ಮಾತಾಡಿದ್ರ ನಮ್ಮ ಮಂದಿ ಏನಂತಾರ? ಸನ್ನಿ ಅಂತಾರ. ಥಂಡಿ ತಲಿಗಿ ಏರ್ಯಾದ ಅಂತಾರ. ಅಜವಾನದ ಹೊಗಿ ಹಾಕಿದ್ಳು, ಅರಬಿ ಇನ್ನೊಂದು ಸುತ್ತು ಬಿಗಿದ್ಳು, ಕೆಂಡ ಇನ್ನಷ್ಟು ತುಂಬಿದ್ಳು. ಆ ಕೆಂಡ ನಿಲ್ಲವೊಲ್ಲವು. ಈಗ ಹಾಕಿದ್ದು ಈಗ ಕಪ್ಪು. ಗಾಳಿ ಇಲ್ಲ, ಸೋರಿಕಿ ಇಲ್ಲ, ತಾವೇ ಕಣ್ಣು ಮುಚ್ಚಿದ್ಹಂಗ ಆರ್ತಿದ್ದವು.

ಆಮ್ಯಾಲ ಮಧ್ಯಾಹ್ನ, ನಿಮ್ಮಜ್ಜಿ ರೊಟ್ಟಿ ಬಡೀಲಿಕತ್ತಿದ್ಳು. ಪಟ್ ಪಟ್ ಪಟ್. ಕೇಳ್ರಿ ಈಗ. ಆಕಿ ಕೈ ನಿಲ್ಲಿಸಿದ್ಳು, ಹಿಟ್ಟು ತಗೋಳ್ಳಿಕ್ಕ. ಕೆಳಗ ಒಂದು, ಪಟ್. ಆಕಿ ಮತ್ತ ಬಡದ್ಳು. ನಿಲ್ಲಿಸಿದ್ಳು. ಕೆಳಗ, ಪಟ್. ಒಂದು ಹೆಚ್ಚಿಂದು, ಯಾವಾಗ್ಲೂ ಒಂದು ಹೆಚ್ಚಿಂದು. ರೊಟ್ಟಿ ಬಡಿಯೋ ಪರಾತದಿಂದಲ್ಲ, ಪಕ್ಕದ ಖೋಲಿದಲ್ಲ, ನೆಲದ ಒಳಗಿಂದ. ನಿಮ್ಮಜ್ಜಿ ಕೈ ಹಿಟ್ಟಿನಾಗ ಹಂಗೇ ನಿಂತಿತು. ನಿಮ್ಮ ಮಾವ ಬಾಗಲದಾಗ ನಿಂತವನು ಒಳಗ ಬರವೊಲ್ಲ, ಹೊರಗ ಹೋಗವೊಲ್ಲ. ನಾ ಏನು ಹೆದರ್ತೀನಾ? ನಾ ನೆಲಕ್ಕ ಬಾಯಿ ಹಚ್ಚಿ ಕೇಳಿದೆ, ಯಾರಲೇ ನೀ, ಯಾವ ಊರವ, ಹೊರಗ ಬಾ, ನಿನ್ನ ಎರಡು ಕಾಲು ಹಿಡದು ಮನ್ಮಾಡ್ ತನಕ ಒಗೀತೀನಿ ಅಂತ. ಬರಲಿಲ್ಲ. ನನ್ನ ಆವಾಜ್ ಕೇಳಿ ಬರೋ ಧೈರ್ಯ ಯಾವ ದೆವ್ವಕ್ಕದ.

ನಿಮ್ಮಜ್ಜಿ ಮಾತ್ರ ಸಣ್ಣ ದನಿ ತಗದು, ಯಾರೋ ಹಸದು ಕುಂತಾರ ರೀ ಅಂದ್ಳು. ಒಂದು ರೊಟ್ಟಿ, ಮ್ಯಾಲ ಒಂದು ಚೂರು ಬೆಲ್ಲ, ಹೊರಸಿನ ಬಾಜೂಕ ನೆಲದ ಮ್ಯಾಲ ಇಟ್ಟು ಕೈ ಮುಗದ್ಳು. ನಾವು ಹಿಂಗೇ ಅಲ್ಲೇನು, ಯಾವ ನೆಲದ ಮ್ಯಾಲ ಮಲಗ್ತೀವಿ ಅದಕ್ಕ ಉಣಸ್ತೀವಿ. ಸ್ವಲ್ಪ ಹೊತ್ತಿಗಿ ರೊಟ್ಟಿ ಎತ್ತಿ ನೋಡಿದ್ರ, ಮ್ಯಾಲಿನ ಮಗ್ಗಲು ಖಡಕ್, ಬೆಲ್ಲ ಒಣಗೇ ಅದ. ಕೆಳಗಿನ ಮಗ್ಗಲು ತೊಪ್ಪಂತ ತೊಯ್ದು ಹೋಗ್ಯಾದ, ಯಾರೋ ನೆಲದ ಒಳಗಿಂದ ನೆಕ್ಕಿದ್ಹಂಗ.

ನನ್ನ ಮೈ ಜುಮ್ ಅಂತು. ಹೆದರಿಕಿ ಅಲ್ಲ, ಥಂಡಿ. ಕೂಸಿನ್ನ ತಗೊಂಡು ಏಳು, ದಿಬ್ಬಕ್ಕ ಹೋಗೂಣು ಅಂತ ನೀಲತ್ತಿಗಿ ಅಂದೆ. ನಿಮ್ಮಜ್ಜಿ ಬಾಗಲಕ್ಕ ಅಡ್ಡ ನಿಂತಳು.

"ಬಾಣಂತಿ ಹೊಸ್ತಿಲ ದಾಟಂಗಿಲ್ಲ. ಈ ಮಳ್ಯಾಗ ದಾಟಿದ್ರ ತಾಯಿನೂ ಉಳ್ಯಂಗಿಲ್ಲ, ಕೂಸೂ ಉಳ್ಯಂಗಿಲ್ಲ. ಮೊದಲ ನನ್ನ ದಾಟ್ರಿ."

ಆಕಿ ಮೊದಲಿನ ಕೂಸು, ನಿಮ್ಮವ್ವನಿಗಿಂತ ಮೊದಲಿಂದು, ಹಿಂಗೇ ಒಂದು ಥಂಡ್ಯಾಗ ಹೋಗಿತ್ತು. ಅದು ನನಗ ಗೊತ್ತದ. ಹಂಗಾಗಿ ನಾ, ಹುಲಿ ಕಿವಿ ಹಿಂಡಿದವ ನಾ, ಎತ್ತಿದ ಕಾಲು ಹಿಂದ ಇಟ್ಟೆ. ನಿಮ್ಮ ಮಾವ ತಲಿ ಕೆಳಗ ಹಾಕಿದ. ಕೆಳಗಿಂದ ಪಟ್. ಈಗ ಯಾರೂ ಬಡೀಲಿಕತ್ತಿಲ್ಲ, ಆದ್ರೂ ಪಟ್. ಹೊರಸಿನ ಒಂದು ಕಾಲು ನೆಲದಾಗ ನಾಕು ಬೆರಳು ಇಳೀತು. ಕೂಸು ಅಳಲಿಲ್ಲ, ಕಣ್ಣು ತಗದು ಕೆಳಗೇ ನೋಡ್ಲಿಕತ್ತಿತ್ತು.

ಆಗ ನೀಲತ್ತಿ ಕಿವೀದು ಅರಬಿ ಬಿಚ್ಚಿದ್ಳು. ಎಷ್ಟು ಸಮಾಧಾನದಾಗ ಅಂದ್ಳು ಅಂತೀರಿ.

"ಮಾವಾರ, ಹೊಸ್ತಿಲ ಮುಂದ ಅದ. ಹಿಂದ ಬರೇ ಪತ್ರಾ ಅದ."

ಸಾಕಲ್ಲ. ನಿಮ್ಮಜ್ಜಿ ಮಾರಿ ನೋಡಿದೆ. ಆಕಿ ಬಾಗಲ ಬಿಟ್ಟು ಬಂದು ಹೊರಸಿನ ಒಂದು ಕಾಲು ಹಿಡದ್ಳು. ನಾ ಹಿಂದಿನ ಪತ್ರಾಕ್ಕ ಕೈ ಹಾಕಿ ಹಪ್ಪಳ ಮುರದ್ಹಂಗ ಮುರದೆ. ನಿಮ್ಮ ಮಾವ ಪಾನಾ ಹಚ್ಚಿ ನಟ್ಟು ಬಿಚ್ಚಿದೆ ಅಂತ ಹೇಳ್ಕೋತ ತಿರಗ್ತಾನ, ಹೇಳಲಿ, ಹುಡುಗರಿಗಿ ಹಿಂಗ ಹೇಳೋ ಚಟ ಇರ್ತದ. ಬಾಣಂತಿ, ಕೂಸು, ಕಂಬಳಿ ಸಮೇತ ಹೊರಸು ಎತ್ತಿದೆವು. ಮೂವರು ಎತ್ತಿದೆವು, ಖರೇ ಹೇಳಬೇಕಂದ್ರ ನಾ ಒಬ್ಬನೇ ಎತ್ತಿದೆ, ಅವರು ಕೈ ಹಚ್ಚಿದ್ರು. ದಿಬ್ಬಕ್ಕ ಹೋಗೋ ತಗ್ಗಿನಾಗ ಎದೀ ಮಟ ನೀರು, ಮ್ಯಾಲ ತಾಡಪತ್ರಿ, ಸೀದಾ ದಿಬ್ಬ ಏರಿದೆವು. ನಾಯಿಗಳು ಎದ್ದು ಜಾಗಾ ಕೊಟ್ಟವು.

ತಿರಗಿ ನೋಡಿದ್ರ ಖೋಲಿಯೊಳಗ ನೆಲ ಇಲ್ಲ. ಸಪ್ಪಳಾನೂ ಇಲ್ಲ, ಧಡ್ ಅಂತ ಬಿದ್ದಿದ್ರ ಮನಸಿಗಿ ಸಮಾಧಾನ ಆಗ್ತಿತ್ತು. ಸಗಣಿ ಸಾರಿಸಿದ ನೆಲ ದುಂಡಗ, ಪರಾತದಷ್ಟು, ಆಮ್ಯಾಲ ಗಾಡಿ ಗಾಲಿಯಷ್ಟು, ಆಮ್ಯಾಲ ಪೂರಾ, ಕೆಳಗ ಹೋಯ್ತು. ಕರೇ ನೀರು ಮ್ಯಾಲ ಬಂತು.

ಮಳಿ ನಿಂತ ಮ್ಯಾಲ ಮುಕಾದಮ, ಅಂದ್ರ ನಮ್ಮನ್ನ ಕೆಲಸಕ್ಕ ತಂದವ, ಬಂದು ನೋಡಿ, ಇಲ್ಲೊಂದು ಹಳೇ ಬಾವಿ ಇತ್ತು, ಮ್ಯಾಲ ಹಾಸಗಲ್ಲು ಮುಚ್ಚಿ ಮುರುಮ ಎಳದಿದ್ರು, ಒಳಗ ನೀರು ಏರಿ ಕಲ್ಲಿಗಿ ಬಡದಾದ, ಅಷ್ಟೇ ಕಾಕಾ ಅಂದ. ಇರಬಹುದು. ನೀರು ಬಡೀತದ, ನಾ ಒಪ್ತೀನಿ. ಆದ್ರ ನಿಮ್ಮಜ್ಜಿ ಕೈ ನಿಲ್ಲೋ ತನಕ ಕಾಯ್ತದೇನು? ಅವ ಬೀಡಿ ಹಚ್ಚಿಕೊಂಡು ಹೋದ.

ಅದಕ್ಕೇ ಹೇಳ್ತೀನಿ, ಮನ್ಯಾಗ ಮಲಗಿದವರು ಏನಾರ ಅಂದ್ರ ಸನ್ನಿ, ಜ್ವರ, ವಯಸ್ಸು ಅಂತ ಬಾಯಿ ಮುಚ್ಚಸಬ್ಯಾಡ್ರಿ. ನಾವು ನಿಂತು ತಿರಗಾಡವರು, ನಮ್ಮ ಕಿವಿ ಮ್ಯಾಲೆಲ್ಲೋ ಇರ್ತಾವ. ಅವರದು ನೆಲದ ಬಾಜೂಕೇ ಇರ್ತದ.