ಸೌಮು ನೆಟ್ಟ ಗಳ

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮೂರ ಹಿರಿಯ ಬಕಾರಿ ಅಣ್ಣನವರೇ, ಪಟ್ಟಣದಿಂದ ಬಂದ ಬಂದರು ಇಲಾಖೆಯ ಮುಖ್ಯ ಅತಿಥಿಗಳೇ, ಹವಳದ ದಿಬ್ಬದ ಹೆಂಗಸರೇ, ದೋಣಿಯ ಗಂಡಸರೇ, ಜಾಗ ಸಾಲದೆ ಬಾಗಿಲಲ್ಲೇ ನಿಂತಿರುವ ಮ್ವೆಂಬೇನಿಯ ಸಭಿಕರೇ,

ಕಾರ್ಯಕ್ರಮದ ಪಟ್ಟಿಯಲ್ಲಿ ‘ಸನ್ಮಾನಿತರಾದ ಮೆಜುಮಾ ಅವರಿಂದ ಎರಡು ಮಾತು’ ಎಂದಿದೆ. ನಾನು ಎರಡು ಮಾತಿಗೆ ನಿಲ್ಲುವವಳಲ್ಲವೆಂದು ಪಟ್ಟಿ ಬರೆದವರಿಗೆ ತಿಳಿದಿರಲಿಲ್ಲ. ಅದರ ಕೆಳಗೆ ‘ಮುಖ್ಯ ಅತಿಥಿಗಳಿಂದ ಗಳ ಕೀಳುವುದು, ಕಡಲು ಮುಕ್ತ’ ಎಂದೂ ಇದೆ. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ.

ನಾಲ್ಕು ತಿಂಗಳ ಹಿಂದೆ ಒಂದು ಹಡಗಿನಿಂದ ಏಳು ಕಂಟೇನರ್‌ಗಳು ನಮ್ಮ ಕಡಲಿಗೆ ಬಿದ್ದವು. ಹಡಗಿನ ಬಾವುಟ ಒಂದು ದೇಶದ್ದು, ಯಜಮಾನ ಇನ್ನೊಂದು ದೇಶದವನು, ವಿಮೆ ಮೂರನೆಯದರದ್ದು. ವಿಷ ಮಾತ್ರ ನಮ್ಮದು. ಐದು ಕಂಟೇನರ್ ಒಡೆದು ನೀಲಿ ಡ್ರಮ್ಮುಗಳು ತೀರದುದ್ದಕ್ಕೂ ತೇಲಿ ಬಂದವು. ನಮ್ಮೂರಲ್ಲಿ ಕಡಲು ಕೊಟ್ಟದ್ದು ಕಂಡವರದ್ದು. ಉಟ್ಟ ಲೇಸೋ ಬಟ್ಟೆಯ ಅಂಚು ಹರಿದು ಸಿಕ್ಕ ವಸ್ತುವಿಗೆ ಗಂಟು ಹಾಕಿದರೆ ಮುಗಿಯಿತು, ಬೇರೆಯವರು ಮುಟ್ಟುವುದಿಲ್ಲ. ಬಾವಿ ಉಪ್ಪಾದ ಊರಿಗೆ ಮುಚ್ಚಳವಿರುವ ಡ್ರಮ್ಮೆಂದರೆ ಏನೆಂದು ನಲ್ಲಿಯ ನೀರು ಕುಡಿಯುವವರಿಗೆ ಹೇಗೆ ಹೇಳಲಿ?

ಪೊಲೀಸರು ಬಂದು ಹಳದಿ ಪಟ್ಟಿ ಎಳೆದು ಹೋದರು. ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಇತ್ತು. ಸಂಜೆಯೊಳಗೆ ಅದರಲ್ಲಿ ಬಕಾರಿ ಅಣ್ಣನ ಮೂರು ಮೇಕೆಗಳು ಕಟ್ಟಿಸಿಕೊಂಡಿದ್ದವು. ನಗಬೇಡಿ, ಗಟ್ಟಿ ಪಟ್ಟಿ ಅದು. ಮೇಕೆಗಳು ಈಗಲೂ ಅದರಲ್ಲೇ ಇವೆ.

ಆಮೇಲೆ ತೀರವನ್ನು ಕಾಯ್ದವರು ಯಾರು? ಇಲಾಖೆಯೇ? ಹಡಗಿನವರೇ? ಡ್ರಮ್ಮು ಒಯ್ಯಲು ಬಿಳಿ ಉಡುಪಿನ ತಂಡ ಬಂದದ್ದು ಐದನೆಯ ದಿನ. ಕಾಯ್ದದ್ದು ಕಾಂಡ್ಲಾ ಮರದ ಒಂದು ಗಳ, ಅದರ ತುದಿಯ ಒಂದು ಹೆಣೆದ ತೆಂಗಿನಗರಿ. ಆಕ್ಟೋಪಸ್ ಮರಿಗಳು ಬೆಳೆಯಲೆಂದು ವರ್ಷಕ್ಕೆ ಮೂರು ತಿಂಗಳು ನಾವು ಹೆಂಗಸರು ದಿಬ್ಬ ಮುಚ್ಚುವುದು ಹಾಗೆಯೇ. ಗಳ ನಿಂತಿತೆಂದರೆ ಹಸಿದವನೂ ದಾಟುವುದಿಲ್ಲ. ಆ ಗಳವನ್ನು ಈ ಬಾರಿ ವಿಷಕ್ಕೆ ನೆಟ್ಟೆವು. ಬಕಾರಿ ಅಣ್ಣ ಅಂದಿದ್ದು ನೆನಪಿದೆ: “ಏನಮ್ಮಾ ಮೆಜುಮಾ, ಡ್ರಮ್ಮು ಮರಿ ಹಾಕ್ತಾವಾ?” ಅಂದರು, ಆದರೆ ದೋಣಿ ತಿರುಗಿಸಿದರು. ನಾಲ್ಕು ದಿನ, ಅರವತ್ತಮೂರು ಡ್ರಮ್ಮು, ನಲವತ್ತು ಹೆಂಗಸರು. ಒಂದು ಕೈಯೂ ತಾಗಲಿಲ್ಲ. ನಮ್ಮ ಹೆಮ್ಮೆಗೆ ಇಷ್ಟು ಸಾಲದೇ?

ಪ್ರಶಸ್ತಿಪತ್ರದಲ್ಲಿ ನನ್ನನ್ನು ‘ಮುಂದಾಲೋಚನೆಯ ಧೀರ ಮಹಿಳೆ’ ಎಂದಿದ್ದೀರಿ. ಈ ಮಾತು ಹೇಳಬೇಕೆಂದು ಬಂದವಳಲ್ಲ ನಾನು. ಆದರೆ ನಿಜವಾದ ಆ ಧೀರೆ ಎದುರಿಗೇ ಕುಳಿತಿದ್ದಾಳೆ.

ಡ್ರಮ್ಮುಗಳು ಅರವತ್ತಮೂರಲ್ಲ, ಅರವತ್ತನಾಲ್ಕು. ಮೊದಲನೆಯದಕ್ಕೆ ಗಂಟು ಹಾಕಿ ಮನೆಗೆ ಉರುಳಿಸಿದವಳು ನಾನು. ತೆರೆದರೆ ಒಳಗೆ ಬಿಳಿ ಹರಳು. ಸೊಸೆ ಸೌಮು ಬಗ್ಗಿ ನೋಡಿದಳು: “ಅತ್ತೆ, ಇದರ ಮೇಲೊಂದು ಚಿತ್ರ ಇದೆ. ಕೈ ಮೇಲೆ ಹನಿ ಬೀಳ್ತಿದೆ. ಏನೋ ಸರಿಯಿಲ್ಲ.” ನಾನಂದೆ: “ಕೈ ತೊಳೆಯೋ ಸೋಪಿನ ಪುಡಿ ಕಣೇ, ಚಿತ್ರ ನೋಡಿದ್ರೂ ತಿಳಿಯಲ್ವಾ? ಸುಮ್ನೆ ನೀರು ಹಾಕಿ ತೊಳಿ.”

ನೀರು ಬಿದ್ದೊಡನೆ ಅದು ಒಲೆಯಿಲ್ಲದೆ ಕುದಿಯಿತು. ಸೌಮುವಿನ ಬಲಗೈ ಮೊಣಕೈವರೆಗೆ ಬೆಂದಿತು. ಅದು ಕಾಸ್ಟಿಕ್ ಸೋಡಾ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಹೇಗಾಯಿತೆಂದು ನರ್ಸ್ ಕೇಳಿದಾಗ, “ಹುಡುಗಿ ಅವಸರದವಳು, ಕೇಳದೆ ತೆರೆದಳು” ಎಂದೆ. ಸೌಮು ನನ್ನ ಮುಖ ನೋಡಿದಳು. ನಿಜವನ್ನು ನಾಲ್ಕು ತಿಂಗಳಿಂದಲೂ ಯಾರಿಗೂ ಹೇಳಿಲ್ಲ. ಕೈಗೆ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯಿಂದ ನೇರವಾಗಿ ತೀರಕ್ಕೆ ನಡೆದಳು. ಗಳ ನೆಡುವ ಯೋಚನೆ ಅವಳದು. ಎಡಗೈಯಲ್ಲಿ ನೆಟ್ಟವಳೂ ಅವಳೇ. ನಾನು ಹಿಂದೆ ನಿಂತು ಕೂಗಿದೆ, ಅಷ್ಟೆ. ಪತ್ರದಲ್ಲಿ ಹೆಸರು ತಿದ್ದಿಕೊಳ್ಳಿ.

ಈಗ ಕೊನೆಯ ಸಾಲಿಗೆ ಬರುತ್ತೇನೆ. ಮುಖ್ಯ ಅತಿಥಿಗಳೇ, ನೆಟ್ಟ ಕೈಯೇ ಗಳ ಕೀಳಬೇಕು. ಅದು ನಮ್ಮ ಅಜ್ಜಿಯರ ಕಾಲದ ಕಟ್ಟಳೆ, ಯಾವ ಇಲಾಖೆಯೂ ಅದನ್ನು ಬರೆದಿಲ್ಲ, ಯಾವ ಇಲಾಖೆಯೂ ಅಳಿಸಲಾರದು. ದಿಬ್ಬ ತೆರೆಯಲಿ ಎಂಬ ಆಸೆ ನಮಗಿಲ್ಲವೇ? ನಾಲ್ಕು ತಿಂಗಳಿಂದ ಬರೀ ಮರಗೆಣಸು ತಿಂದ ಹೊಟ್ಟೆಗಳಿವು. ಆದರೆ ಬಿದ್ದ ಕಂಟೇನರ್ ಏಳು, ಒಡೆದದ್ದು ಐದು. ಎರಡು ಇನ್ನೂ ದಿಬ್ಬದಾಚೆ ತಳದಲ್ಲಿವೆ. ಒಳಗೇನಿದೆ ಎಂದು ಮೂರು ಅರ್ಜಿ ಬರೆದೆವು. ‘ಪರಿಶೀಲನೆಯಲ್ಲಿದೆ’ ಎಂದು ಮೂರು ಉತ್ತರ ಬಂದವು.

ಇಂದು ಬೆಳಿಗ್ಗೆ ಸೌಮುವನ್ನು ಕೇಳಿದೆ: “ಏನೇ, ಗಳ ಕೀಳ್ತೀಯಾ?” ಅವಳಂದಳು: “ಆ ಎರಡರ ಮೇಲೆ ಯಾವ ಚಿತ್ರ ಇದೆ ಕೇಳಿ ಅತ್ತೆ. ಈ ಸಲ ನೀವು ಓದಬೇಡಿ. ಅವರೇ ಓದಿ ಹೇಳ್ಲಿ.”

ಮುಖ್ಯ ಅತಿಥಿಗಳೇ, ಮೈಕು ನಿಮ್ಮ ಕಡೆ ತಿರುಗಿಸುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಓದಿ. ಸಂಜೆಯವರೆಗೂ ಕೂರಲು ನಾವು ಸಿದ್ಧ. ಹೊದಿಸಿದ ಶಾಲಿಗೆ, ತಾಳ್ಮೆಯಿಂದ ಕೇಳಿದ ಕಿವಿಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಎಡಗೈಗೆ ನನ್ನ ಕೃತಜ್ಞತೆ. ನಮಸ್ಕಾರ.