ಹಗಲು ಹೊತ್ತಿನ ದೀಪ

ದಾವಣಗೆರೆ ನಗರ ಠಾಣೆ, ದಿನಾಂಕ 15-5-1958, ಗುರುವಾರ, ಬೆಳಿಗ್ಗೆ 8 ಗಂಟೆ.

ಗಿರಿಯಮ್ಮ ಕೋಂ ಮಾಳಿಂಗಪ್ಪ, ವಯಸ್ಸು ಸುಮಾರು ಐವತ್ತನಾಲ್ಕು, ಜೀವನಕ್ಕೆ ಮನೆ ಬಾಡಿಗೆ ಮತ್ತು ಹದಡಿಯಲ್ಲಿರುವ ಎರಡು ಎಕರೆ ಹೊಲದ ಪಾಲು, ವಾಸ ದಾವಣಗೆರೆ ಹಳೇಪೇಟೆ, ಆದ ನಾನು ಯಾರೂ ಕರೆಸದೆ ಠಾಣೆಗೆ ಬಂದು, ನನ್ನ ಮನೆಯ ಬಾಡಿಗೆದಾರ ಅಂಜಿನಪ್ಪನವರು ನಿನ್ನೆ ತೀರಿಕೊಂಡ ವಿಷಯವಾಗಿ ಹೇಳಿ ಬರೆಸುವುದೇನೆಂದರೆ:

ನನಗೆ ಓದು ಬರಹ ಬರುವುದಿಲ್ಲ, ಗಡಿಯಾರ ನೋಡಲು ಬರುತ್ತದೆ. ನನ್ನ ಗಂಡ ತಂದ ಗೋಡೆ ಗಡಿಯಾರ ಈಗಲೂ ಸರಿಯಾಗಿ ನಡೆಯುತ್ತಿದೆ. ಆದ್ದರಿಂದ ಕೆಳಗೆ ಹೇಳುವ ವೇಳೆಗಳು ಬಾಯಿಗೆ ಬಂದವಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಎದೆನೋವಿನಿಂದ ಎಂದು ಇದೇ ಠಾಣೆಯ ಕಾಗದದಲ್ಲಿದೆ. ಆ ಕಾಗದಕ್ಕೆ ಆಮೇಲೆ ಬರುತ್ತೇನೆ, ದಫೇದಾರರು ಅವಸರ ಮಾಡಬಾರದು.

ನನ್ನ ಮನೆ ಎರಡು ಪಾಲು. ಹಿಂದಿನ ಪಾಲಿನಲ್ಲಿ ನಾನಿದ್ದೇನೆ. ಮುಂದಿನದರಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ. ಮೊದಲು ಅದಕ್ಕೆ ಮಣ್ಣಿನ ಮಾಳಿಗೆ ಇತ್ತು, ಎಂಥ ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಮಳೆಗೆ ಸೋರುತ್ತದೆಂದು ಮೂರು ವರ್ಷದ ಹಿಂದೆ ಅದನ್ನು ಕೀಳಿಸಿ ತಗಡು ಹೊದಿಸಿದೆ. ತಗಡಿಗೂ ನೆಲಕ್ಕೂ ಒಂಬತ್ತು ಅಡಿ. ಅಂಜಿನಪ್ಪನವರೂ ಅವರ ಹೆಂಡತಿ ನಾಗರತ್ನಮ್ಮನೂ ಅಲ್ಲಿಗೆ ಬಂದದ್ದು ಹೋದ ಡಿಸೆಂಬರ್ ಮೂರರಂದು, ಚಳಿಗಾಲದಲ್ಲಿ. ತಗಡಿನ ಗುಣ ಡಿಸೆಂಬರಿನಲ್ಲಿ ತಿಳಿಯುವುದಿಲ್ಲ. ನಾನೂ ಹೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ಮನೆ ನನಗೆ ಮುದ್ದು.

ಇಬ್ಬರೂ ಹರಿಹರದವರು, ಹೊಳೆಯ ಗಾಳಿಯಲ್ಲಿ ಬೆಳೆದವರು. ಅಂಜಿನಪ್ಪನವರಿಗೆ ಮೂವತ್ತೆರಡು ವರ್ಷ, ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸ. ಜನವರಿಯಿಂದ ಅವರಿಗೆ ರಾತ್ರಿ ಪಾಳಿ. ಬೆಳಿಗ್ಗೆ ಏಳೂವರೆಗೆ ಬಂದು, ಉಂಡು, ಹಗಲೆಲ್ಲ ಮಲಗಬೇಕು. ನಿದ್ದೆಗೆ ಅಷ್ಟು ಹಸಿದ ಮನುಷ್ಯನನ್ನು ನಾನು ಕಂಡಿಲ್ಲ. ಒಮ್ಮೆ ಕೈಯಲ್ಲಿ ತುತ್ತು ಹಿಡಿದುಕೊಂಡೇ ನಿದ್ದೆ ಹೋಗಿದ್ದನ್ನು ನಾಗರತ್ನಮ್ಮ ನನ್ನನ್ನು ಕರೆದು ತೋರಿಸಿ ನಕ್ಕಿದ್ದಳು. ಇದು ಮುಂದೆ ಬೇಕಾಗುವ ಮಾತು, ಬರೆದುಕೊಳ್ಳಬೇಕು.

ಮಾರ್ಚ್ ಒಂಬತ್ತರಂದು ಅವರು ತಗಡಿನ ಮೇಲೆ ಹನ್ನೊಂದು ಗೋಣಿಚೀಲ ಹಾಸಿ ನೀರು ಹೊಯ್ದರು. ತುಕ್ಕು ಹಿಡಿಯುತ್ತದೆ, ಬೇಡ ಎಂದೆ. ಹದಿಮೂರರಂದು ಅವರು ಮಿಲ್ಲಿಗೆ ಹೋದ ಮೇಲೆ ದೋಟಿಯಿಂದ ಅಷ್ಟನ್ನೂ ಎಳೆದು ಬೀಳಿಸಿದೆ. ಇಪ್ಪತ್ತೇಳರಂದು, ಹಿಂದಿನ ಗೋಡೆಯಲ್ಲಿ ಎರಡು ಅಡಿಯ ಕಿಟಕಿ ತೆಗೆಸಿಕೊಳ್ಳಲೇ, ಖರ್ಚು ತನ್ನದೇ ಎಂದು ಕೇಳಿದರು. ನನ್ನ ಬಚ್ಚಲು ಕಾಣುತ್ತದೆ, ಬೇಡ ಎಂದೆ. ಏಪ್ರಿಲ್ ಆರರಂದು ಹರಿಹರದಿಂದ ಗಾಡಿಯಲ್ಲಿ ತೆಂಗಿನ ಗರಿ ತರಿಸಿ ತಗಡಿಗೆ ಹೊದಿಸಿದರು. ಮಿಲ್ಲಿನ ಚಿಮಣಿಯ ಕಿಡಿ ಬಿದ್ದರೆ ಓಣಿಯೇ ಉರಿಯುತ್ತದೆ ಎಂದು ಜಗಳ ಮಾಡಿ ತೆಗೆಸಿದೆ. ಮಿಲ್ಲು ನನ್ನ ಮನೆಯಿಂದ ಮುಕ್ಕಾಲು ಮೈಲಿ. ಅಷ್ಟು ದೂರ ಹಾರಿ ಬಂದ ಕಿಡಿಯನ್ನು ನಾನು ಈವರೆಗೆ ನೋಡಿಲ್ಲ. ಬೇಡ ಎನ್ನುವುದು ನನಗೆ ಅಭ್ಯಾಸವಾಗಿತ್ತು.

ಅಂಜಿನಪ್ಪನವರು ಒಮ್ಮೆಯೂ ದನಿ ಎತ್ತಲಿಲ್ಲ. “ಅಮ್ಮಾರೆ, ನಾವೇನು ಅರಮನೆ ಕೇಳ್ತಿಲ್ಲ, ನಾಕು ತಾಸು ನಿದ್ದೆ ಕೇಳ್ತಿದೀವಿ ಅಷ್ಟೆ” ಎಂದರು. ಬಿಸಿಲು ನಾನು ಮಾಡಿದ್ದಲ್ಲ, ತಡೆಯಲಾಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದು ನಾನು ಹೇಳಿದೆ. ಅವರು ಹೋಗಲಿಲ್ಲ. ಮಿಲ್ಲಿಗೆ ನಡೆದು ಹೋಗುವಷ್ಟು ಹತ್ತಿರ ಬೇರೆ ಮನೆ ಸಿಗಲಿಲ್ಲವೆಂದು ನಾಗರತ್ನಮ್ಮ ಹೇಳಿದಳು.

ಏಪ್ರಿಲ್ ಇಪ್ಪತ್ತೆರಡರಂದು ಮಧ್ಯಾಹ್ನ ಎರಡು ಗಂಟೆಗೆ ನಾಗರತ್ನಮ್ಮ ನನ್ನ ಬಾಗಿಲಿಗೆ ಬಂದಳು. ಓಣಿಯ ಬೆಕ್ಕು ದಿನಾ ಬಂದು ಪಡಸಾಲೆಯ ಮೂಲೆಯ ಚಪ್ಪಡಿಯ ಮೇಲೇ ಏಕೆ ಮಲಗುತ್ತದೆಂದು ಅವಳು ಅಂಗಾಲಿಟ್ಟು ನೋಡಿದ್ದಳು. ಮನೆಯಲ್ಲೆಲ್ಲ ಅದೊಂದೇ ಕಲ್ಲು ತಣ್ಣಗಿತ್ತು. ಯಾಕವ್ವ ಅದು ತಣ್ಣಗೈತೆ ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕೇಳಿದ್ದು ಅಷ್ಟೇ. ನಾನು ಕೊಟ್ಟ ಉತ್ತರ, “ಅದನ್ನ ಯಾರೂ ತೆಗೆಯಂಗಿಲ್ಲ.”

ಆ ಚಪ್ಪಡಿಯ ಕೆಳಗೆ ಹಗೇವು ಇದೆ. ಜೋಳ ತುಂಬಿಡಲು ನನ್ನ ಮಾವನವರ ಕಾಲದಲ್ಲಿ ನೆಲ ಅಗೆದು ಮಾಡಿದ್ದು. ಬಾಯಿ ಎರಡು ಅಡಿ ಅಗಲ, ಆಳ ಹನ್ನೊಂದು ಅಡಿ, ಹೊಟ್ಟೆ ಗುಡಾಣದ ಹಾಗೆ. ಇಳಿಯಲು ಗೋಡೆಯಲ್ಲಿ ಕಾಲಿಡುವ ಗುಳಿಗಳಿವೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ತೆರೆದ ಕೂಡಲೇ ಇಳಿಯಬಾರದು. ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟು ನೋಡಬೇಕು, ದೀಪ ಆರಿದರೆ ಒಳಗೆ ಇಳಿದವನೂ ಆರಿದ ಎಂದೇ ಅರ್ಥ. ಹದಡಿಯಲ್ಲಿ ಇದು ಎಮ್ಮೆ ಕಾಯುವ ಮಕ್ಕಳಿಗೂ ಗೊತ್ತು. ಹರಿಹರದ ಹೊಳೆದಂಡೆಯವರಿಗೆ ಗೊತ್ತಿರಲಿಲ್ಲ.

ಮರುದಿನ ಅಂಜಿನಪ್ಪನವರೇ ಬಂದು, ಚಪ್ಪಡಿ ತಟ್ಟಿದರೆ ಕೆಳಗೆ ಟೊಳ್ಳು ಕೇಳುತ್ತದೆ, ಹಗೇವೇ ಇರಬೇಕು, ತೆಗೆದುಕೊಟ್ಟರೆ ಹಗಲು ಅದರೊಳಗೆ ಮಲಗುವೆನೆಂದು ಕೇಳಿದರು. ಆಗ ನಾನು ಗಾಳಿಯ ಮಾತು ಹೇಳಬಹುದಿತ್ತು. ಹೇಳಿದರೆ ನಿಮಗೆ ಹೇಗೆ ಗೊತ್ತು, ಇದರಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳುತ್ತಾರೆ. ಮನೆಗೆ ಆ ಹೆಸರು ಬಂದರೆ ಇವರೂ ಹೋಗುತ್ತಾರೆ, ಇನ್ನೊಬ್ಬರೂ ಬರುವುದಿಲ್ಲ, ನಾನು ಹೊಟ್ಟೆಗೆ ಏನು ತಿನ್ನಬೇಕು? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಯೋಚಿಸಿ, ಒಳಗೆ ಹಾವಿದೆ, ನಮ್ಮ ಮನೆತನದ ಹಾವು, ಕೆಣಕಬಾರದು ಎಂದು ಹೇಳಿದೆ. ಅಂಜಿನಪ್ಪನವರು ನಕ್ಕು, “ಬಾಡಿಗೆ ಕೊಡೋರು ನಾವು, ತಂಪಾಗಿರೋದು ಹಾವು, ಇದ್ಯಾವ ನ್ಯಾಯ ಅಮ್ಮಾರೆ” ಎಂದರು. ನನಗೂ ನಗು ಬಂತು.

ಮೇ ಎರಡರಂದು ಮತ್ತೆ ಬಂದು, ಹಾವಾಡಿಗನನ್ನು ಕರೆತಂದು ಹಿಡಿಸಲೇ ಎಂದು ಕೇಳಿದರು. ದೋಷ ತಟ್ಟುತ್ತದೆ ಎಂದು ಹೆದರಿಸಿದೆ. ಅಂದಿನಿಂದ ಅವರು ಆ ಚಪ್ಪಡಿಯ ಮೇಲೆ ತಲೆಯಿಟ್ಟು ಮಲಗತೊಡಗಿದರು. ಅದು ತಲೆಗಷ್ಟೇ ಸಾಲುತ್ತಿತ್ತು. ಬಾಗಿಲ ಸಂದಿಯಿಂದ ನಾನು ದಿನಕ್ಕೆ ಮೂರು ನಾಲ್ಕು ಸಲ ನೋಡುತ್ತಿದ್ದೆ. ಚಪ್ಪಡಿಯ ಸುತ್ತಲಿನ ಮಣ್ಣಿನ ಮೆತ್ತಿಗೆ ಬಿರುಕು ಬಿಟ್ಟಿದೆಯೋ ಎಂದು ನೋಡುತ್ತಿದ್ದೆ.

ಮೇ ಹದಿಮೂರು, ಮಂಗಳವಾರ, ಬೆಳಿಗ್ಗೆ ಅವರು ಎಡಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ಮಗ್ಗದ ಮುಂದೆ ತೂಕಡಿಸಿ ಎರಡು ಬೆರಳು ಜಜ್ಜಿಕೊಂಡಿದ್ದರು. ಇನ್ನೊಂದು ಸಲ ತೂಕಡಿಸಿದರೆ ಕೆಲಸ ಬಿಡಿಸುವುದಾಗಿ ಮೇಸ್ತ್ರಿ ಹೇಳಿದ್ದಾನೆಂದು ನಾಗರತ್ನಮ್ಮ ಅತ್ತಳು. ಆ ರಾತ್ರಿಯೂ ಅವರು ಪಾಳಿಗೆ ಹೋದರು. ಇನ್ನು ಈ ಜನ ನನ್ನ ಹಾವಿಗೆ ಹೆದರುವುದಿಲ್ಲವೆಂದು ನನಗೆ ಅನ್ನಿಸಿತು. ಹಗೇವಿಗೆ ಮಣ್ಣು ತುಂಬಿಸಿಬಿಡಬೇಕು, ಆಗ ಯಾರಿಗೂ ಏನೂ ಹೇಳುವ ಕೆಲಸವಿಲ್ಲ ಎಂದುಕೊಂಡೆ.

ನಿನ್ನೆ, ಮೇ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಹರಿಹರಕ್ಕೆ ಹೋದೆ. ಅಲ್ಲಿಂದ ಎರಡು ಮೈಲಿ ನಡೆದು ಗುತ್ತೂರಿನಲ್ಲಿರುವ ನನ್ನ ತಮ್ಮ ಗೋಣೆಪ್ಪನ ಮನೆ ಸೇರಿದಾಗ ಹತ್ತು ಗಂಟೆಗೆ ಹತ್ತು ನಿಮಿಷವಿತ್ತು. ಅವನ ಬಳಿ ಎರಡು ಗಾಡಿಗಳಿವೆ. ಆರು ಗಾಡಿ ಮಣ್ಣು ಬೇಕು, ಯಾಕೆಂದು ಕೇಳಬೇಡ ಎಂದೆ. ಅವನು ಕೇಳಲಿಲ್ಲ, ಅವನಿಗೆ ಗೊತ್ತು. “ಮಣ್ಣು ತುಂಬಾಕೆ ನಾಕು ದಿನ ಬೇಕು ಅಕ್ಕ. ಬಾಯಿ ಬಿಟ್ಟು ಹೇಳಾಕೆ ನಾಕು ಮಾತು ಸಾಕು. ಹೇಳಿಬಿಡು” ಎಂದ. ನಾನು ಸಿಟ್ಟಾದೆ. ಆಮೇಲೆ ಮಜ್ಜಿಗೆ ಕುಡಿದೆ. ಊಟ ಮಾಡಿಕೊಂಡೇ ಹೋಗು ಎಂದ, ಉಂಡೆ.

ಹನ್ನೆರಡೂವರೆಗೆ ಅಲ್ಲಿಂದ ಹೊರಟು ಒಂದೂ ಮುಕ್ಕಾಲರ ಬಸ್ಸು ಹಿಡಿದೆ. ಬಸ್ಸಿನಲ್ಲಿ ಆ ನಾಲ್ಕು ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದೆ. ಹೇಳುವುದೆಂದೇ ಗಟ್ಟಿ ಮಾಡಿದ್ದೆ, ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ರೈಲ್ವೆ ಗೇಟಿನಲ್ಲಿ ಬಸ್ಸು ಇಪ್ಪತ್ತೈದು ನಿಮಿಷ ನಿಂತಿತು. ಮನೆಗೆ ಬಂದಾಗ ಮೂರೂಕಾಲು.

ಮುಂದಿನ ಬಾಗಿಲು ತೆರೆದಿತ್ತು. ಚಪ್ಪಡಿಯನ್ನು ಹಾರೆಯಿಂದ ಮೀಟಿ ಪಕ್ಕಕ್ಕೆ ಸರಿಸಿದ್ದರು. ಹಗೇವಿನ ಬಾಯಿಯ ಪಕ್ಕದಲ್ಲಿ ನಾಗರತ್ನಮ್ಮ ಕಾಲು ಚಾಚಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ತಪ್ಪು ಮಾಡಿದವಳಂತೆ ಎದ್ದಳು, ಆದರೆ ಮುಖದಲ್ಲಿ ನಗುವಿತ್ತು. ಬಾಯಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು: “ಬೈಬ್ಯಾಡ್ರಿ ಅವ್ವ. ಹಾವೂ ಇಲ್ಲ ಏನೂ ಇಲ್ಲ. ಹಾಸಿಗೆ ಕೆಳಕ್ಕೆ ಒಗೆದು, ಕೋಲು ಹಿಡ್ಕಂಡು ಇಳಿದ್ರು. ಹೋಗಿ ಧೊಪ್ಪಂತ ಬಿದ್ಕಂಡೋರು ನಾ ಕರೆದ್ರೂ ಓ ಅನ್ನಲಿಲ್ಲ, ಅಂಥ ನಿದ್ದೆ. ಮಿಲ್ಲಿನ ಹನ್ನೊಂದೂವರೆ ಕೂಗಿಗೆ ಇಳಿದೋರು ನೋಡ್ರಿ. ಗೊರಕೆ ಸೈತ ಇಲ್ಲ. ಎಬ್ಬಿಸಬ್ಯಾಡ್ರಿ.”

ಹನ್ನೊಂದೂವರೆಗೆ ನಾನು ಗೋಣೆಪ್ಪನ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದೆ.

ನಾನು ಒಳಗೆ ಹೋಗಿ ಕಂದೀಲು ಹಚ್ಚಿ, ಬಾವಿಯ ಹಗ್ಗಕ್ಕೆ ಕಟ್ಟಿ ತಂದೆ. “ಹಗಲು ಹೊತ್ತಿನಾಗ ದೀಪ ಯಾಕವ್ವ?” ಎಂದು ನಾಗರತ್ನಮ್ಮ ಕೇಳಿದಳು. ಕಂದೀಲನ್ನು ಹಗೇವಿಗೆ ಇಳಿಬಿಟ್ಟೆ. ನಾಲ್ಕು ಅಡಿಯಲ್ಲಿ ದೀಪ ಆರಿತು. ಮತ್ತೆ ಹಚ್ಚಿ ಬಿಟ್ಟೆ, ಅಲ್ಲೇ ಆರಿತು. ಅವಳು ಇಳಿಯದಂತೆ ಅವಳ ಸೆರಗನ್ನು ನನ್ನ ಕೈಗೆ ಸುತ್ತಿಕೊಂಡು ಕೂಗಿದೆ.

ಎದುರು ಮನೆಯ ಹಮಾಲಿ ಉಚ್ಚೆಂಗಪ್ಪ ಓಡಿ ಬಂದ. ಹಸಿ ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ, ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗೆ ಗಾಳಿ ಆಡಿಸಿದೆವು. ನಾಲ್ಕೂ ಮೂವತ್ತೈದಕ್ಕೆ ದೀಪ ತಳ ಮುಟ್ಟಿದರೂ ಆರಲಿಲ್ಲ. ಉಚ್ಚೆಂಗಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅಂಜಿನಪ್ಪನವರನ್ನು ಮೇಲೆ ಕಳಿಸಿದ. ಮೈ ತಣ್ಣಗಿತ್ತು. ಕೋಲು ಬಲಗೈಯಲ್ಲೇ ಇತ್ತು. ಹಾವೆಂದು ಹೇಳಿದ್ದಕ್ಕೆ ಅವರು ಕೋಲು ಹಿಡಿದು ಇಳಿದರು. ಗಾಳಿ ಎಂದಿದ್ದರೆ ದೀಪ ಹಿಡಿಯುತ್ತಿದ್ದರು.

ಸಂಜೆ ಆರೂವರೆಗೆ ಠಾಣೆಯವರು ಬಂದು ನಾಗರತ್ನಮ್ಮನ ಹೇಳಿಕೆ ಬರೆದುಕೊಂಡರು. ಗಿರಿಯಮ್ಮನವರು ಎರಡೆರಡು ಸಲ ಬೇಡ ಎಂದಿದ್ದರು, ಅವರಿಲ್ಲದ ಹೊತ್ತು ನೋಡಿ ನಾವೇ ತೆಗೆದೆವು, ಅವರ ಮೇಲೆ ನನ್ನ ದೂರಿಲ್ಲ ಎಂದು ಅವಳು ಹೇಳಿದಳು. ಇದೇ ದಫೇದಾರರು ನನ್ನ ಕಡೆ ತಿರುಗಿ, “ನಿಮ್ದೇನೂ ತಪ್ಪಿಲ್ಲಮ್ಮ, ಒಳಗೆ ಹೋಗ್ರಿ” ಎಂದರು. ನಾನು ಒಳಗೆ ಹೋದೆ. ಅವಳು ಹಾಗೆ ಹೇಳಿರದಿದ್ದರೆ, ನನ್ನನ್ನು ಬೈದಿದ್ದರೆ, ನಾನೂ ಎದುರು ಬೈದು ಇನ್ನೊಂದು ಸುಳ್ಳು ಹೇಳಿ ಬದುಕಿಕೊಳ್ಳುತ್ತಿದ್ದೆ. ನನ್ನ ಗುಣ ನನಗೆ ಗೊತ್ತಿದೆ.

ಈಗ ಆ ಹಳೆಯ ಕಾಗದ. 1947ನೇ ಇಸವಿ ಏಪ್ರಿಲ್ ಹದಿನೆಂಟರಂದು ನನ್ನ ಗಂಡ ಎದೆನೋವಿನಿಂದ ಸಾಯಲಿಲ್ಲ. ಅಂದು ಜೋಳ ಕೊಳ್ಳುವವನ ಗಾಡಿ ಬಾಗಿಲಲ್ಲಿ ನಿಂತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಹಗೇವು ತೆರೆದು, ಅವರು ಕಂದೀಲಿಗೆ ಎಣ್ಣೆ ಹಾಕುತ್ತಾ ಕುಳಿತರು. ನಿಧಾನದ ಮನುಷ್ಯ. ಗಾಡಿಯವನು ಹೊರಟು ಹೋಗುತ್ತಾನೆಂದು ನನಗೆ ಅವಸರ. ಕಂದೀಲನ್ನು ಅವರ ಕೈಯಿಂದ ಕಿತ್ತಿಟ್ಟು ನಾನು ಹೇಳಿದ ಮಾತು ಇದು: “ಹಗಲು ಹೊತ್ತಿನಾಗ ದೀಪ ಯಾಕ? ಇಳೀರಿ ಸುಮ್ಮನೆ.” ಅವರು ಇಳಿದರು. ಅಂದು ನಮ್ಮ ಮನೆಗೆ ಬಂದಿದ್ದ ಗೋಣೆಪ್ಪ, ಗಾಳಿ ಆಡಿಸಿದ ಮೇಲೆ ಇಳಿದು ಹೆಣವನ್ನು ಮೇಲೆ ತೆಗೆದ. ಯಾರು ಅವಸರ ಮಾಡಿದರೆಂದು ಕೇಳುತ್ತಾರೆಂಬ ಭಯಕ್ಕೆ ಎದೆನೋವು ಎಂದು ಬರೆಸಿದೆ. ಆ ವರ್ಷದ ಜೋಳವನ್ನು ಒಳಗೇ ಬಿಟ್ಟು ಚಪ್ಪಡಿ ಎಳೆಸಿ ಮಣ್ಣು ಮೆತ್ತಿದೆ. ಅಂಜಿನಪ್ಪನವರು ಹಾಸಿಗೆ ಹಾಸಿದ್ದು ಆ ಜೋಳದ ಮೇಲೆ.

ಈ ಹೇಳಿಕೆಯನ್ನು ನಾಗರತ್ನಮ್ಮನಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಅವಳಿಗೂ ಓದು ಬರುವುದಿಲ್ಲ, ನನ್ನ ಬಾಯಿಂದ ನನಗೆ ಹೇಳಲಾಗುವುದಿಲ್ಲ. ದೀಪ ಯಾಕವ್ವ ಎಂದು ಅವಳು ಕೇಳಿದ್ದಳು, ಉತ್ತರ ಇದರಲ್ಲಿದೆ.

ದಫೇದಾರರು ಮೇಲಿನದನ್ನು ನನಗೆ ಎರಡು ಸಲ ಓದಿ ಹೇಳಿದರು, ಬದಲಿಸಬೇಕಾದ ಮಾತು ಯಾವುದೂ ಇಲ್ಲ. ಇದರಲ್ಲಿರುವುದು ನಿಜ. 1947ರ ಕಾಗದದಲ್ಲಿರುವುದು ಸುಳ್ಳು. ಎರಡಕ್ಕೂ ಒತ್ತಿದ ಹೆಬ್ಬೆಟ್ಟು ಒಂದೇ, ತಾಳೆ ನೋಡಿಕೊಳ್ಳಬಹುದು.

ಸ್ಥಳ: ದಾವಣಗೆರೆ
ದಿನಾಂಕ: 15-5-1958
ಗಿರಿಯಮ್ಮ ಕೋಂ ಮಾಳಿಂಗಪ್ಪ, ಎಡಗೈ ಹೆಬ್ಬೆಟ್ಟಿನ ಗುರುತು