ಕಣ್ಣು ಬೆಳ್ಳಗಾಗೋಗಂಟ

ಮಾತಾಡ್ಬೇಡ! ತುಟಿ ಪಿಟಕ್ ಅನ್ಬೇಡ ಅಂದೆ ಕಣೋ ಗುರುಪಾದಸ್ವಾಮಿ! ಔಸ್ದಿ ಕುಡ್ದ್‌ಮೇಲೆ ಬಿಸ್ಲು ಈ ಜಗಲಿ ಮೇಲಕ್ಕೆ ಬರೋಗಂಟ ಬಾಯಿ ಬುಡಂಗಿಲ್ಲ. ನಮ್ಮತ್ತೆ ಕಾಲ್ದಿಂದ ಬಂದಿರೋ ಕಟ್ಟು ಅದು. ಮಾತಾಡಿದ್ಯೋ, ಕುಡ್ದದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳ್ದಂಗೆ.

ತಲೆ ಅಲ್ಲಾಡಿಸ್ತೀಯಾ? ಅಲ್ಲಾಡ್ಸು, ಅದಕ್ಕೇನೂ ಕಟ್ಟಿಲ್ಲ. ನೀ ಕುಡಿಯೋವಾಗ ನಾ ಬೆನ್ನು ತಿರುಗಿಸ್ಕಂಡು ನಿಂತಿದ್ನಲ್ಲ, ಅದೂ ಕಟ್ಟೇ. ಕೊಟ್ಟ ಕೈ ಕುಡಿಯೋ ಬಾಯ ನೋಡ್ಬಾರ್ದು. ಏನು, ಮುಖ ಇಂಗ್ಯಾಕೆ ಮಾಡ್ಕಂಡಿದ್ದೀಯ? ಕಹಿಯಾ? ಕಹಿ ಇಲ್ದೆ ಇನ್ನೇನು, ಔಸ್ದಿ ಅಂದ್ರೆ ಪಾಯಸವಾ?

ಅಯ್ಯೋ ಸಿವನೇ... ಕೊಳ್ಳೇಗಾಲದ ಸೈನ್ಸ್ ಮೇಷ್ಟ್ರು! ಕೊನೆಗೂ ಬಂದೆಯಲ್ಲಪ್ಪ ಅಗರಕ್ಕೆ, ಈ ಸುವರ್ಣಮ್ಮನ ಜಗಲಿಗೆ! ನಗು ಬತ್ತದೆ ಕಣೋ ನಂಗೆ. ನಾ ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಮೂಗು ಸುರಿಸ್ಕಂಡು ನನ್ನ ಸೆರಗು ಇಡ್ಕಂಡು ತಿರುಗ್ತಿದ್ದೆ. ಆಮೇಲೆ ಡಿಗ್ರಿ ಆಯ್ತು, ಕನ್ನಡಕ ಬಂತು, ಕಾರು ಬಂತು... ಇತ್ತಲ ಗಿಡ ಮದ್ದಲ್ಲ ಅಂದೆ. ಈಗ? ಈಗ ‘ನಂಗೂ ಅಣ್ಣನ ಕಾಯಿಲೇನೇ, ಔಸ್ದಿ ಕೊಡಿ ಅತ್ತಿಗೆ’ ಅಂತ ಅದೇ ಗಿಡದ ಬುಡಕ್ಕೆ ಬಂದು ಕುಂತಿದ್ದೀಯ!

ಓದ ಯುಗಾದೀಲಿ ಇದೇ ಜಗಲೀಲಿ ಏನ್ ಭಾಷಣ ಬಿಗಿದೆಯಪ್ಪ! ‘ಅತ್ತಿಗೆ, ಸ್ಕ್ಯಾನಿಂಗಲ್ಲಿ ಬಂದದೆ, ಅಣ್ಣಂಗೆ ಪ್ಯಾಟಿ ಲಿವರ್, ಲಿವರ್‌ಗೆ ಕೊಬ್ಬು ತುಂಬ್ಕಂಡದೆ. ಅತ್ತಿಗೆ, ನಮ್ಮ ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಅವೆ, ಒಳ್ಳೇವೂ ಅವೆ, ಕೆಟ್ಟವೂ ಅವೆ. ಸಕ್ಕರೆ, ಮೈದಾ ತಿಂತಾ ಇದ್ರೆ ಕೆಟ್ಟವು ಎಚ್ಚಾಗಿ ಅವುಗಳ ಇಸ ಲಿವರ್‌ಗೆ ಇಳೀತದೆ...’ ಥೂ! ಹೊಟ್ಟೆ ಅಂದ್ರೆ ತಿಪ್ಪೆಗುಂಡಿಯೇನೋ, ಹುಳ ಸಾಕಕ್ಕೆ? ಅದರಲ್ಲೂ ಒಳ್ಳೆ ಹುಳ, ಕೆಟ್ಟ ಹುಳ! ನೀನೇನು ಅವಕ್ಕೆಲ್ಲ ಹಾಜರಿ ಕೂಗ್ತೀಯಾ ಇಸ್ಕೂಲಲ್ಲಿ ಕೂಗಿದಂಗೆ?

ನಗಬೇಡ! ನಕ್ಕರೂ ಕಟ್ಟು ಮುರೀತದೆ... ನಗ್ತಿಲ್ವಾ? ಸರಿ ಬುಡು.

ಅಲ್ಲ ಕಣೋ, ನಿಮ್ಮಣ್ಣ ಹೆಂಡ ಕುಡ್ದೋರಾ, ಮಾಂಸ ಮುಟ್ಟಿದೋರಾ? ಕೊರಳಲ್ಲಿ ಲಿಂಗ ಅದೆ. ಬೇಕರಿ ಬೆಣ್ಣೆ ಬಿಸ್ಕತ್ತು, ಹೊತ್ತುಹೊತ್ತಿಗೆ ಒಂದು ಟೀ... ಅಷ್ಟೇಯ. ಅದಕ್ಕೆ ಲಿವರ್ ಕೊಬ್ಬುತದಾ? ಆ ನಿನ್ನ ಡಾಕ್ಟ್ರು ಹೊಟ್ಟೆ ಮೇಲೆ ಅಂಟು ಸವರಿ, ಟೀವಿ ನೋಡಿ, ಕೊನೆಗೆ ಏಳಿದ್ದೇನು? ನಡೀರಿ. ಅನ್ನ ಕಮ್ಮಿ ಮಾಡಿ. ಬೇಕರಿ ಬುಡಿ. ಮಜ್ಜಿಗೆ ಕುಡೀರಿ. ಇದ ಏಳಕ್ಕೆ ಡಾಕ್ಟ್ರು ಓದ್ಬೇಕಾ? ಒಂದು ಮಾತ್ರೆ ಬರ್ಕೊಡಲಿಲ್ಲ ಪುಣ್ಯಾತ್ಮ! ಔಸ್ದಿ ಕೊಡಕ್ಕೆ ಬರದೋನೂ ಒಬ್ಬ ಡಾಕ್ಟ್ರಾ?

ನಾ ಕೊಟ್ಟೆ. ಯಾಕೆ ಕೊಡಬಾರ್ದು? ನಮ್ಮ ಮನೆತನ ಲಿವರ್‌ಗೆ ಔಸ್ದಿ ಕೊಡೋ ಮನೆತನ. ಹನೂರಿಂದ, ಯಳಂದೂರಿಂದ, ಬೆಟ್ಟದ ಮೇಲಿಂದ್ಲೂ ಭಾನುವಾರ ಬೆಳಗ್ಗೆ ಬರ್ತಾರೆ ಕಾಮಾಲೆಯೋರು. ಎರಡು ತಿಂಗಳ ಹಿಂದೆ ಹನೂರಿನ ಪುಟ್ಟಸಿದ್ದಯ್ಯ ಬಂದಿದ್ದ, ಕಣ್ಣು ಅರಿಸಿನದಲ್ಲಿ ಅದ್ದಿದಂಗೆ. ಸೊಪ್ಪು ಅರೆದು ಆಡಿನ ಹಾಲಲ್ಲಿ ಕಲಸಿ ಕೊಟ್ಟೆ. ಮೂರು ಭಾನುವಾರ! ಕಣ್ಣು ಬೆಳ್ಳಗಾಯ್ತು. ಬಸ್‌ಸ್ಟ್ಯಾಂಡಲ್ಲಿ ನಿಂತ್ಕಂಡು ಊರಿಗೆಲ್ಲ ಏಳ್ತಾನೆ, ‘ಅಗರದವ್ವ ನನ್ನ ಉಳುಸ್ದಳು’ ಅಂತ. ನಿನ್ನ ಹುಳುಗಳು ಉಳಿಸಿದ್ವಾ ಅವನ್ನ?

ಏನ್ ಬಾಗಲ ಕಡೆ ನೋಡ್ತೀಯ?

ನಿಮ್ಮಣ್ಣ ಇಲ್ಲ ಅಂದ್ನಲ್ಲ. ಹನೂರಿಗೆ ಓಗವರೆ, ಸೌಮ್ಯನ ಮನೆಗೆ. ಮಗಳು ಕರೆದ್ಳು, ಓದ್ರು. ಗಟ್ಟಿಯಾಗವರೆ ಕಣಪ್ಪ, ಗುಂಡುಕಲ್ಲು ಆಗವರೆ. ಹೊಟ್ಟೆ ಇಳೀತು, ಮುಖ ಇಳೀತು. ಊರೋರೆಲ್ಲ ‘ಏನ್ ರುದ್ರಸ್ವಾಮ್ಯೋರು ಹುಡುಗ ಆಗ್ಬುಟ್ರಲ್ಲ’ ಅಂತಾರೆ. ನನ್ನ ಔಸ್ದಿ!

ಚಪ್ಪಲಿನಾ? ಹೂಂ, ಅವರದೇ. ಹೊಸದು ಮೆಟ್ಟುಕಂಡು ಓದ್ರು. ಒಬ್ಬ ಮನುಷ್ಯಂಗೆ ಒಂದೇ ಜೊತೆ ಚಪ್ಪಲಿ ಇರ್ಬೇಕಾ? ಸಿಐಡಿ ಕೆಲಸ ಬೇರೆ ಸುರುಮಾಡಿದ್ದೀಯ!

...ಅದು ಬೆಕ್ಕು. ಬೆಕ್ಕು ಕಣೋ, ನರಳಿದಂಗೆ ಕೂಗ್ತದೆ ಕೆಲವು ಸಲ. ಕುಂತ್ಕೋ! ಎದ್ದೇಳಂಗಿಲ್ಲ, ಅದೂ ಕಟ್ಟೇ. ಯಾವತ್ತಿಂದ ಅಂದ್ರೆ... ಇವತ್ತಿಂದ. ಕುಂತ್ಕೋ ಅಂದೆ!

ಹಾಂ, ಬಂತು ನೋಡು ಬಿಸ್ಲು. ನಿನ್ನ ಮೊಣಕಾಲ ಮೇಲೇ ಬಂತು. ಇನ್ನು ಬಾಯಿ ಬುಡಬೌದು. ಮಾತಾಡು. ‘ಅತ್ತಿಗೆ, ನಾ ಸೋತೆ’ ಅಂತ ಒಂದು ಮಾತು ಅನ್ನು, ಕೇಳ್ಸಿಕತೀನಿ. ಕಿವಿ ತಂಪಾಗ್ಲಿ.

ಮಾತಾಡೋ. ಕಟ್ಟು ಮುಗೀತು ಅಂದ್ನಲ್ಲ.

ಏನ್ ಇಂಗೆ ನೋಡ್ತಾ ಕುಂತಿದ್ದೀಯ? ಎಲ್ಲಿ, ಲೋಟ ಕೊಡಿಲ್ಲಿ, ತೊಳೆದು ಮಡುಗ್ತೀನಿ. ಎಲ್ಲಿ ಮಡುಗ್ದೆ? ಕಂಬದ ಹಿಂದೆ ಯಾಕೆ...

ಲೋಟ ತುಂಬ ಹಂಗೇ ಅದೆ.

ನೀ ಕುಡ್ದೇ ಇಲ್ಲ.

ಕುಡ್ದೇ ಇಲ್ಲ ಅಂದ್ಮೇಲೆ ಕಟ್ಟೆಲ್ಲಿ ಬಂತು? ಆಗ್ಲಿಂದ ಯಾಕೆ ಬಾಯಿ ಮುಚ್ಕಂಡು ಕುಂತಿದ್ದೆ? ನಾನು ಬೊಗಳ್ಲಿ ಅಂತಾನಾ? ನಿಂಗೆ ಪ್ಯಾಟಿ ಲಿವರೂ ಇಲ್ಲ, ಎಂಥದೂ ಇಲ್ಲ, ಅಲ್ವಾ?... ಸೌಮ್ಯ ಫೋನ್ ಮಾಡ್ಬುಟ್ಳಾ? ಅಪ್ಪ ಇಲ್ಲಿಗೆ ಬಂದೇ ಇಲ್ಲ ಅಂದ್ಲಾ?

ಮಾತಾಡೋ! ಬೈಯೋದಾದ್ರೂ ಬೈ!

...ಒಳಗವರೆ. ನಡುಮನೇಲಿ. ನಾನೇ ಚಿಲಕ ಆಕಿದೀನಿ.

ಯಾಕೆ ಅಂದ್ರೆ ಏನೇಳ್ಲಿ? ಕಣ್ಣು ಹಳದಿ ಆಗದೆ ಕಣೋ. ಕಾಮಾಲೆ ಔಸ್ದಿ ಕೊಡೋಳ ಮನೇಲಿ, ಅವಳ ಗಂಡನ ಕಣ್ಣೇ ಹಳದಿ! ಯಾರಿಗೆ ತೋರುಸ್ಲಿ? ಪುಟ್ಟಸಿದ್ದಯ್ಯಂಗಾ? ಕಿಟಕಿ ಮುಚ್ಚಿದೆ. ಯಾರು ಕೇಳಿದ್ರೂ ಹನೂರು ಅಂದೆ. ಇನ್ನೊಂದು ಸೊಪ್ಪು, ಇನ್ನೊಂದು ಕಷಾಯ... ಕಮ್ಮಿ ಆಯ್ತದೆ ಅನ್ಕಂಡೆ.

ಎಷ್ಟು ದಿನ ಕೊಟ್ಟೆ ಅಂತ ಹಂಗೆ ನೋಡ್ಬೇಡ. ದಿನಾ ಕೊಟ್ಟೆ. ಯುಗಾದಿಯಿಂದ ದಿನಾ ಬೆಳಗ್ಗೆ. ಮೂರು ಭಾನುವಾರಕ್ಕೆ ನಿಲ್ಸು ಅಂತ ನಮ್ಮತ್ತೆ ಏಳಿದ್ದು ನಂಗೂ ಗೊತ್ತು. ಕಾಮಾಲೆಗಾದ್ರೆ ಕಣ್ಣು ಬೆಳ್ಳಗಾಯ್ತಾ, ನಿಲ್ಸು. ಈ ಪ್ಯಾಟಿ ಲಿವರ್‌ಗೆ ಏನ ನೋಡಿ ನಿಲ್ಸದು? ನೀನೇ ಏಳಪ್ಪ, ಡಿಗ್ರಿ ಓದಿರೋನಲ್ವಾ? ಕಣ್ಣು ಮೊದ್ಲೇ ಬೆಳ್ಳಗಿತ್ತು, ನಾಲಿಗೆ ಚೆನ್ನಾಗಿತ್ತು, ಉಂಡಿದ್ದು ಸೇರ್ತಿತ್ತು. ಮೇಲೆ ಏನೂ ಕಾಣ್ಸಲ್ಲ, ಒಳಗೆ ಅದಂತೆ! ಕಂಡದ್ದ ವಾಸಿ ಮಾಡಿ ಗೊತ್ತು ನಂಗೆ. ಕಾಣದೇ ಇರೋದ ಎಲ್ಲಿಗಂಟ ವಾಸಿ ಮಾಡ್ಲಿ? ಇನ್ನೂ ಇದ್ದಾತು ಅಂತ ಬೇವಿನ ಮರದ ಅಮೃತಬಳ್ಳೀನೂ ಕುಯ್ದು ಕುದಿಸ್ದೆ. ಒಂದು ಲೋಟ ಇದ್ದದ್ದು ಎರಡಾಯ್ತು. ಅವರು ಒಂದು ದಿನಾನೂ ಬ್ಯಾಡ ಅನ್ನಲಿಲ್ಲ. ‘ನೀ ಕೊಟ್ಮೇಲೆ ಸರಿ ಇರ್ತದೆ ಬುಡು ಸುವರ್ಣ’ ಅಂತ ಕುಡುದ್ರು.

ಗುಂಡುಕಲ್ಲೂ ಇಲ್ಲ, ಎಂಥ ಸುಡುಗಾಡೂ ಇಲ್ಲ. ಅನ್ನ ಕಂಡ್ರೆ ವಾಂತಿ. ಮೈಯೆಲ್ಲ ಕೆರ್ಕಂಡು ಗಾಯ ಮಾಡ್ಕಂಡವರೆ. ನೆನ್ನೆಯಿಂದ ನನ್ನ ‘ಅವ್ವಾ’ ಅಂತವರೆ... ನಿಮ್ಮವ್ವ ಅನ್ಕಂಡವರೆ.

ನಿಲ್ಲು, ನಿಲ್ಲು ಗುರುಪಾದಸ್ವಾಮಿ! ಕಾರ ಇತ್ತಲ ಬಾಗಲಿಗೆ ತಕಂಬಾ. ಪುಟ್ಟಸಿದ್ದಯ್ಯ ಹನೂರು ಕಡೆಯೋರ ಕರ್ಕಂಡು ಬಂದ ನೋಡು, ಗೇಟ್ ಹತ್ರ ನಿಂತವರೆ, ಇವತ್ತು ಭಾನುವಾರ. ಇತ್ಲಾಗಿಂದ ಎತ್ತಿ ಆಕ್ಕಂಡು ಓಗ್ಬುಡು, ಯಾರಿಗೂ...

ಯಾಕೆ? ಗಲ್ಲಿ ಸಣ್ಣದಾ? ಕಾರು ಬರಲ್ವಾ? ಬತ್ತದೆ ಕಣೋ, ಸುತ್ತಾಕ್ಕಂಡು ಬಂದ್ರೆ... ಹೊತ್ತಾಯ್ತದಾ? ಏನಾದ್ರೂ ಅನ್ನೋ! ಅಲ್ಲೇ ನಿಂತ್ಕಂಡು ನನ್ನೇ ನೋಡ್ಬೇಡ.

...ಹೂಂ.

ಮುಂದ್ಗಡೆಗೇ ತಕಂಬಾ. ಜಗಲಿ ತಂಕ ತಕಂಬಾ. ನೋಡೋರು ನೋಡ್ಲಿ. ಪುಟ್ಟಸಿದ್ದಯ್ಯನೂ ನೋಡ್ಲಿ, ಅವನ ನೆಂಟರೂ ನೋಡ್ಲಿ. ಅವರಿಗೂ ಒಂದು ಮಾತು ಏಳ್ಬುಡು, ಇವತ್ತು ಔಸ್ದಿ ಇಲ್ಲ, ಆಸ್ಪತ್ರೆಗೆ ಓಗಿ ಅಂತ. ನನ್ನ ಬಾಯಲ್ಲಿ ಬರಲ್ಲ.

ಈ ಚಿಲಕ ವಸಿ ಬಿಗಿ, ತಡಿ... ಹಾಂ. ಬಾ, ಆ ಕಡೆ ತೋಳು ನೀನು ಇಡ್ಕ. ನಂಗೊಬ್ಳಿಗೆ ಎತ್ತಕ್ಕಾಗಲ್ಲ.